ಯಾವಾಗಿಂದ ಹೀಗೆ?

ನಮ್ಮ ಮನೆಯಲ್ಲಿ ಇಬ್ಬರು ದೇವರಿದ್ದರು ಎಂದು ಬರೆದರೆ ನಮ್ಮ ಚರ್ಚಿನ ಸಭೆಯ ಹಿರಿಯರು ಈ ವಯಸ್ಸಿನಲ್ಲೂ ನನ್ನ ಕಿವಿ ಹಿಂಡಿಯಾರು. ಆದರೂ ಇದ್ದದ್ದು ಹಾಗೆಯೇ. ನಡುಮನೆಯಲ್ಲಿ ಅಪ್ಪನ ದೇವರು. ಅವನಿಗೆ ಎಲ್ಲವೂ ಮೊದಲೇ ಗೊತ್ತು. ಅಡುಗೆಮನೆಯಲ್ಲಿ ಅಮ್ಮನ ದೇವರು. ಅವನು ಎದುರಿಗಿದ್ದವರನ್ನು ಕೇಳಿ ತಿಳಿದುಕೊಳ್ಳುವವನು. ಇಬ್ಬರ ಹೆಸರೂ ಒಂದೇ, ಇಬ್ಬರೂ ಬಂದದ್ದು ಅಪ್ಪ ಕಪ್ಪು ರೆಕ್ಸಿನ್ ಹೊದಿಸಿ ಬೀರುವಿನ ಮೇಲೆ ಇಡುತ್ತಿದ್ದ ಅದೇ ಬೈಬಲ್ಲಿನಿಂದ. ಇಬ್ಬರ ನಡುವೆ ಇದ್ದದ್ದು ಒಂದು ಹೊಸ್ತಿಲು ಮತ್ತು ಅಮ್ಮನ ಹಳೆಯ ಸೀರೆಯನ್ನು ಹರಿದು ಕಟ್ಟಿದ ಪರದೆ. ಆ ಪರದೆಯ ಆಚೆಗೂ ಈಚೆಗೂ ಓಡಾಡಿಕೊಂಡು ಬೆಳೆದವರು ನಾನು ಮತ್ತು ನನ್ನ ತಂಗಿ ಲಿಲ್ಲಿ.

ಮತ್ತಿಕೆರೆ ಆಗ ಅರ್ಧ ಹಳ್ಳಿ, ಅರ್ಧ ಊರು. ಮುನಿಯಮ್ಮ ಎಂಬ ಮುದುಕಿಯ ಜಾಗದಲ್ಲಿ ಮುಂದೆ ಅವಳ ಮನೆ, ಪಕ್ಕದಲ್ಲಿ ಎರಡು ಹಸುಗಳ ಕೊಟ್ಟಿಗೆ, ಹಿಂದೆ ಬಾಡಿಗೆಗೆಂದೇ ಎಬ್ಬಿಸಿದ್ದ ಶೀಟಿನ ಮನೆಗಳು. ಅವುಗಳಲ್ಲಿ ಕೊನೆಯದು ನಮ್ಮದು. ಈಗ ಆ ಜಾಗದಲ್ಲಿ ಮುನಿಯಮ್ಮನ ಮೊಮ್ಮಗ ಕಟ್ಟಿಸಿದ ಪಿ.ಜಿ. ಇದೆ, ಕಾಲೇಜಿನ ಹುಡುಗರು ಬಾಲ್ಕನಿಯಲ್ಲಿ ಟವೆಲ್ ಒಣಗಿಸುತ್ತಾರೆ. ಆ ದಾರಿಯಲ್ಲಿ ಹೋಗುವಾಗ ನನ್ನ ಕಣ್ಣು ತಾನಾಗಿ ನೆಲಮಹಡಿಯ ಹಿಂಭಾಗಕ್ಕೆ ಹೋಗುತ್ತದೆ. ಅಲ್ಲೀಗ ಬೈಕುಗಳನ್ನು ನಿಲ್ಲಿಸುತ್ತಾರೆ. ನಮ್ಮ ಅಡುಗೆಮನೆ ಇದ್ದದ್ದು ಅಲ್ಲಿಯೇ.

ಅಪ್ಪ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಯಾವ ನಟ್ಟು ಯಾವ ಗೂಡಿನಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬೇಕು, ಇನ್ನೊಬ್ಬರನ್ನು ಕೇಳುವ ಪರಿಸ್ಥಿತಿ ಬಂದರೆ ಆ ಕೆಲಸಕ್ಕೆ ನಾಲಾಯಕ್ಕು ಎಂಬುದು ಅವನ ನಂಬಿಕೆ. ಮನೆಯಲ್ಲೂ ಅಷ್ಟೇ. ಉಪ್ಪು ಎಲ್ಲಿದೆ ಎಂದು ಅಪ್ಪ ಅಮ್ಮನನ್ನು ಕೇಳಿದ್ದನ್ನು ನಾನು ನೋಡಿಲ್ಲ, ಉಪ್ಪಿಲ್ಲದ ಸಾರನ್ನೇ ಉಂಡು ಏಳುತ್ತಿದ್ದ. ಸಂಜೆ ದೀಪ ಹಚ್ಚಿದ ಮೇಲೆ ಮನೆಪ್ರಾರ್ಥನೆ. ಅಪ್ಪ ಕುರ್ಚಿಯಲ್ಲಿ, ನಾವು ಮೂವರು ಚಾಪೆಯ ಮೇಲೆ. ಒಂದು ಕೀರ್ತನೆ ಹಾಡಿ ಅಪ್ಪ ಒಂದು ಅಧ್ಯಾಯ ಓದುತ್ತಿದ್ದ. ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳು ನಾಲ್ಕಿದ್ದರೂ ಅಪ್ಪನ ಕೈ ಹೋಗುತ್ತಿದ್ದದ್ದು ಯೋಹಾನನ ಕಡೆಗೆ. ಅಲ್ಲಿ ಯೇಸು ಲೋಕ ಹುಟ್ಟುವ ಮೊದಲೇ ಇದ್ದವನು. ಯಾರು ಹಿಡಿದುಕೊಡುತ್ತಾರೆ, ಯಾವ ಗಳಿಗೆಯಲ್ಲಿ ಏನಾಗುತ್ತದೆ ಎಲ್ಲ ಬಲ್ಲವನು. ಅವನೇನಾದರೂ ಪ್ರಶ್ನೆ ಕೇಳಿದರೂ ಅದು ಶಿಷ್ಯರನ್ನು ಪರೀಕ್ಷೆ ಮಾಡಲು ಮಾತ್ರ. ಈ ಭಾಗ ಓದುವಾಗ ಅಪ್ಪನ ದನಿಯಲ್ಲಿ ಒಂದು ನಿರಾಳ ಇರುತ್ತಿತ್ತು. ಲೋಕದ ಸ್ಟೋರ್ಸ್ ಸರಿಯಾದವರ ಕೈಯಲ್ಲಿದೆ ಎಂಬ ನಿರಾಳ.

ಅಮ್ಮ ಹುಣಸಮಾರನಹಳ್ಳಿಯ ಕಡೆಯವಳು. ಓದು ಅಷ್ಟಕ್ಕಷ್ಟೆ, ಒಂದು ವಾಕ್ಯ ಮುಗಿಸುವುದರೊಳಗೆ ಹಾಲು ಉಕ್ಕುತ್ತಿತ್ತು. ಆದರೆ ಅವಳ ಅಜ್ಜಿ ಮನೆಮನೆಗೆ ಹೋಗಿ ಹೆಂಗಸರಿಗೆ ಸುವಾರ್ತೆ ಹೇಳುತ್ತಿದ್ದವಳು. ಹೊಲದ ಕೆಲಸದವರಿಗೆ ಕೂತು ಕೇಳಲು ಹೊತ್ತಿರದ ಕಾರಣ ಅಜ್ಜಿ ನಾಲ್ಕರಲ್ಲಿ ತೀರ ಚಿಕ್ಕದಾದ ಮಾರ್ಕನನ್ನೇ ಹಿಡಿದುಕೊಂಡಿದ್ದಳಂತೆ. ಅದು ಬಾಯಿಂದ ಕಿವಿಗೆ ದಾಟಿ ಅಮ್ಮನಿಗೆ ಬಂದಿತ್ತು. ರಾಗಿಮುದ್ದೆ ತಿರುವುವಾಗ, ಅವರೆಕಾಳು ಬಿಡಿಸುವಾಗ ಅಮ್ಮ ಹೇಳುತ್ತಿದ್ದ ಯೇಸುವಿಗೆ ಸುಸ್ತಾಗುತ್ತಿತ್ತು. ದೋಣಿಯಲ್ಲಿ ದಿಂಬಿಗೆ ತಲೆಕೊಟ್ಟು ಮಲಗಿಬಿಡುತ್ತಿದ್ದ. ಗುಂಪಿನಲ್ಲಿ ಯಾರೋ ಬಟ್ಟೆ ಮುಟ್ಟಿದರೆ ಯಾರದು ಎಂದು ತಿರುಗಿ ಹುಡುಕುತ್ತಿದ್ದ. ಕಿವುಡನೊಬ್ಬನನ್ನು ಕಂಡು ನಿಟ್ಟುಸಿರು ಬಿಡುತ್ತಿದ್ದ. ಹಸಿವಾಗಿ, ಕಾಲವಲ್ಲದ ಕಾಲದಲ್ಲಿ ಅಂಜೂರದ ಮರದ ಹತ್ತಿರ ಹೋಗಿ, ಹಣ್ಣಿಲ್ಲವೆಂದು ಮರಕ್ಕೇ ಶಾಪ ಹಾಕುತ್ತಿದ್ದ. ಆ ಕಥೆಗೆ ಲಿಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ದೇವ್ರಿಗೆ ಹಸಿವಾಗುತ್ತೇನಮ್ಮಾ?"

"ಆಗ್ದೆ ಏನೇ? ನಮ್ ಜೊತೆ ಬಾಳ್ವೆ ಮಾಡೋಕೆ ಬಂದ್ಮೇಲೆ ಹಸಿವು ಬಿಡುತ್ತಾ?"

ಪರದೆಯ ಆಚೆಯಿಂದ ಅಪ್ಪ ಕೆಮ್ಮುತ್ತಿದ್ದ. ಆ ಕೆಮ್ಮಿಗೆ, ಮಕ್ಕಳ ತಲೆಯಲ್ಲಿ ಏನೇನೋ ತುಂಬಬೇಡ ಎಂದು ಅರ್ಥ.

ಲಿಲ್ಲಿಗೆ ಮೂರು ವರ್ಷ ತುಂಬಿದ ಹೊಸದರಲ್ಲಿ, ಮುನಿಯಮ್ಮ ಹಾಲು ಕರೆಯುತ್ತಿದ್ದ ಹೊತ್ತಿಗೆ, ಕೊಟ್ಟಿಗೆಯ ಮುಂದೆ ಅವಳಿಗೆ ಮೊದಲ ಸಲ ಫಿಟ್ಸ್ ಬಂತು. ಮುನಿಯಮ್ಮ ಹಾಲಿನ ಪಾತ್ರೆ ಅಲ್ಲೇ ಬಿಟ್ಟು ಓಡಿಬಂದು ಸೊಂಟದಲ್ಲಿದ್ದ ಕಬ್ಬಿಣದ ಬೀಗದಕೈಯನ್ನು ಮಗುವಿನ ಅಂಗೈಗೆ ತುರುಕಿದಳು. ಆಮೇಲೆ ಅದು ಪದೇಪದೇ ಬರತೊಡಗಿತು. ಅಪ್ಪ ಅಮ್ಮನನ್ನೂ ಲಿಲ್ಲಿಯನ್ನೂ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದ; ಮಾತ್ರೆ ಶುರುವಾಯಿತು. ಡಾಕ್ಟರು ಯಾವಾಗಿನಿಂದ ಎಂದು ಕೇಳಿದರಂತೆ, ಆದರೆ ಅಮ್ಮ ಬಾಯಿ ತೆರೆದು ಮುಗಿಸುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಿದ್ದ. ಮುನಿಯಮ್ಮ ಹಾಗಲ್ಲ. ಪ್ರತಿ ಸಲವೂ ಲಿಲ್ಲಿಯ ತಲೆ ತೊಡೆಯ ಮೇಲಿಟ್ಟುಕೊಂಡು, ಏನೂ ಗೊತ್ತಿಲ್ಲದವಳಂತೆ ಮೊದಲಿನಿಂದ ಕೇಳುತ್ತಿದ್ದಳು.

"ಯಾವಾಗ್ಲಿಂದವ್ವಾ ಮಗೀಗೆ ಇಂಗೆ? ಎಂಗ್ ಶುರುವಾಯ್ತದೆ, ಯೋಳು."

ಅಮ್ಮನೂ ಮೊದಲಿನಿಂದ ಹೇಳುತ್ತಿದ್ದಳು. ಹೇಳಿ ಮುಗಿಸಿದ ಮೇಲೆ ಸೆರಗಿನಿಂದ ಲಿಲ್ಲಿಯ ಬಾಯಿ ಒರೆಸುತ್ತಿದ್ದಳು. ಮುನಿಯಮ್ಮ ಎದ್ದು ಹೋದ ಮೇಲೆ ಅಮ್ಮ ನಮಗೆ ಆ ಹುಡುಗನ ಕಥೆ ಹೇಳುತ್ತಿದ್ದಳು. ಒಬ್ಬ ಅಪ್ಪ ಫಿಟ್ಸ್ ಬರುವ ಮಗನನ್ನು ಯೇಸುವಿನ ಹತ್ತಿರ ತಂದನಂತೆ. ಹುಡುಗ ಕಣ್ಣೆದುರಿಗೇ ಬಿದ್ದು ನೊರೆ ಕಾರುತ್ತ ಒದ್ದಾಡಿದನಂತೆ. ಆಗ ಯೇಸು ತಟ್ಟನೆ ವಾಸಿಮಾಡಲಿಲ್ಲವಂತೆ, ಮೊದಲು ಆ ಅಪ್ಪನನ್ನು ಕೇಳಿದನಂತೆ, ಮಗುವಿಗೆ ಯಾವಾಗಿಂದ ಹೀಗೆ ಎಂದು. ಚಿಕ್ಕಂದಿನಿಂದ ಸ್ವಾಮಿ, ಬೆಂಕಿಗೆ ಬೀಳ್ತಾನೆ, ನೀರಿಗೆ ಬೀಳ್ತಾನೆ, ನಿಮ್ಮ ಕೈಲಿ ಏನಾದ್ರೂ ಆದ್ರೆ ಮಾಡಿ ಎಂದು ಆ ಅಪ್ಪ ಗೋಳಾಡಿದನಂತೆ.

"ನಮ್ ಮುನಿಯಮ್ಮನ ಥರಾನೇ ಕೇಳಿದ್ದಾನೆ ನೋಡು," ಎನ್ನುತ್ತಿದ್ದಳು ಅಮ್ಮ. "ಇನ್ನೊಬ್ರ ಕಷ್ಟ ಕೂತ್ಕೊಂಡು ಕೇಳೋದಿದೆಯಲ್ಲ, ಅರ್ಧ ವಾಸಿ ಅದ್ರಲ್ಲೇ ಆಗೋಗುತ್ತೆ ಕಣೇ."

ಬೆಂಕಿ ಮತ್ತು ನೀರು ಎಂದು ಕಥೆಯಲ್ಲಿ ಇದ್ದ ಕಾರಣ ಅಮ್ಮ ಅವೆರಡನ್ನೂ ಕಾವಲು ಕಾದಳು. ನೆಲದ ಮೇಲಿದ್ದ ಸೀಮೆಎಣ್ಣೆ ಸ್ಟವ್ವು ಕಟ್ಟೆಯ ಮೇಲೇರಿತು. ನೀರಿನ ಡ್ರಮ್ಮಿಗೆ ಮುಚ್ಚಳ, ಮುಚ್ಚಳದ ಮೇಲೆ ಗುಂಡುಕಲ್ಲು. ಬಚ್ಚಲಿಗೆ ಲಿಲ್ಲಿ ಒಬ್ಬಳೇ ಹೋಗುವ ಹಾಗಿಲ್ಲ. ಲಿಲ್ಲಿ ಸಿಟ್ಟಾಗುತ್ತಿದ್ದಳು, ನನಗೂ ಸಿಟ್ಟು ಬರುತ್ತಿತ್ತು, ಆಟವನ್ನು ಅರ್ಧಕ್ಕೆ ಬಿಟ್ಟು ಅವಳ ಬಚ್ಚಲ ಬಾಗಿಲಲ್ಲಿ ನಿಲ್ಲಬೇಕಾದವಳು ನಾನಾದ್ದರಿಂದ.

ಸಭೆಯ ಹಿರಿಯರಾದ ಆನಂದಪ್ಪ ಮೇಷ್ಟ್ರು ಒಂದು ಸಂಜೆ ನಾಲ್ಕೈದು ಜನರನ್ನು ಕರೆದುಕೊಂಡು ಲಿಲ್ಲಿಗಾಗಿ ಪ್ರಾರ್ಥನೆ ಮಾಡಲು ಬಂದರು. ಕೆಟ್ಟವರಲ್ಲ, ನಿವೃತ್ತರಾದ ಮೇಲೆ ಊರ ಮೇಲಿನ ಕಾಯಿಲೆಗಳನ್ನೆಲ್ಲ ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದವರು. ಅಮ್ಮ ಬೆಳಗಿನಿಂದ ನೆಲ ಒರೆಸಿ, ಕೇಸರಿಬಾತು ಮಾಡಿ, ಲಿಲ್ಲಿಗೆ ಕ್ರಿಸ್ಮಸ್ಸಿನ ಫ್ರಾಕು ಹಾಕಿದ್ದಳು. ಮೇಷ್ಟ್ರು ಅದೇ ಹುಡುಗನ ಕಥೆ ಓದಿದರು. ಆದರೆ ಅವರು ತೆಗೆದದ್ದು ಮತ್ತಾಯನ ಸುವಾರ್ತೆ. ಅಲ್ಲಿ ಕಥೆ ಚುಟುಕು. ಹುಡುಗನ ಅಪ್ಪ ಬರುತ್ತಾನೆ, ಮೊಣಕಾಲೂರುತ್ತಾನೆ, ಯೇಸು ಗದರಿಸುತ್ತಾನೆ, ಹುಡುಗ ವಾಸಿಯಾಗುತ್ತಾನೆ. ಮೇಷ್ಟ್ರು ಇನ್ನೂ ಓದುತ್ತಿರುವಾಗಲೇ ಅಮ್ಮ, ಯಾವತ್ತೂ ಗಂಡಸರ ನಡುವೆ ಬಾಯಿ ಬಿಡದವಳು, ಪರದೆಯ ಹತ್ತಿರದಿಂದ ಮಾತಾಡಿಬಿಟ್ಟಳು.

"ಮೇಷ್ಟ್ರೇ, ಒಂದು ಮಾತು ಬಿಟ್ಟೋಯ್ತು. ಯಾವಾಗಿಂದ ಹಿಂಗೆ ಅಂತ ಕೇಳ್ತಾನಲ್ಲ, ಅದು."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ಮತ್ತೆ ನೋಡಿದರು.

"ಇಲ್ವಲ್ಲ ತಾಯಿ, ಇಲ್ಲಿ ಅಂಥದ್ದೇನೂ ಇಲ್ಲ. ಆತ ಯಾಕಮ್ಮ ಕೇಳ್ತಾನೆ? ಆತನಿಗೆ ಗೊತ್ತಿಲ್ಲದ್ದು ಉಂಟಾ?"

"ಇದೆ ಮೇಷ್ಟ್ರೇ. ನಮ್ಮಜ್ಜಿ ಹೇಳ್ತಿದ್ರು." ಅಮ್ಮ ಅಪ್ಪನ ಕಡೆ ತಿರುಗಿದಳು. "ರೀ, ಇದೆಯಲ್ವಾ?"

ಅಪ್ಪ ಬೈಬಲ್ಲನ್ನು ಮೊದಲಿಂದ ಕೊನೆಯವರೆಗೆ ಎಷ್ಟೋ ಸಲ ಓದಿದ್ದವನು. ಎಲ್ಲಿ ಏನಿದೆ ಎಂದು ಅವನಿಗೆ ಗೊತ್ತಿರಲೇಬೇಕು. ಅವನು ನೆಲ ನೋಡುತ್ತ, "ಸುಮ್ನಿರು, ಪ್ರಾರ್ಥನೆ ಟೈಮಲ್ಲಿ," ಎಂದ.

ಮೇಷ್ಟ್ರು ಮುಂದುವರಿಸಿದರು. ಯೇಸುವಿಗಿಂತ ಮೊದಲು ಪ್ರಯತ್ನಿಸಿದ್ದ ಶಿಷ್ಯರ ಕೈಯಲ್ಲಿ ಆ ಹುಡುಗ ಯಾಕೆ ವಾಸಿಯಾಗಲಿಲ್ಲ? ಅವರ ನಂಬಿಕೆ ಸಾಲದಾಗಿತ್ತು. ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದರೆ ಬೆಟ್ಟವೇ ಸರಿದುಹೋದೀತು. ಈ ಮನೆಯಲ್ಲೂ ಆ ಒಂದು ಕಾಳಿಗೆ ಕೊರತೆ ಇರಬಹುದು, ಮನೆಯವರು ಹೃದಯ ತಡಕಿ ನೋಡಿಕೊಳ್ಳಬೇಕು ಎಂದರು. ಮೃದುವಾಗಿಯೇ ಹೇಳಿದರು. ಎಲ್ಲರೂ ಪರದೆಯ ಕಡೆ ನೋಡಿದರು. ಆಮೇಲೆ ಕೇಸರಿಬಾತು ತಿಂದು, ಚೆನ್ನಾಗಿದೆ ಎಂದು ಹೇಳಿ ಹೋದರು.

ಮಾರನೆಯ ದಿನದಿಂದ ಲಿಲ್ಲಿ ಸ್ಕೂಲಿಗೆ ಹೊರಡುವ ಮುಂಚೆ ಒಗ್ಗರಣೆ ಡಬ್ಬಿಯಿಂದ ಒಂದು ಸಾಸಿವೆ ಕಾಳು ತೆಗೆದು ನೀರಿನ ಜೊತೆ ನುಂಗತೊಡಗಿದಳು, ಮಾತ್ರೆ ನುಂಗಿದ ಹಾಗೆ. ಅಮ್ಮ ಅದನ್ನು ಕಂಡವಳು ಬೈಯಲಿಲ್ಲ. ಡಬ್ಬಿ ಕೈಗೆಟುಕುವಂತೆ ಕೆಳಗಿಟ್ಟಳು. ಅದನ್ನು ನೆನೆದರೆ ಇವತ್ತಿಗೂ ನನಗೆ ಮೇಷ್ಟ್ರ ಮೇಲಲ್ಲ, ಅಪ್ಪನ ಮೇಲೆ ಕೋಪ ಉಕ್ಕುತ್ತದೆ. ಅವತ್ತಿನಿಂದ ಅಮ್ಮ ಆ ಹುಡುಗನ ಕಥೆ ಹೇಳುವುದನ್ನು ಬಿಟ್ಟಳು. ಲಿಲ್ಲಿ ಪೀಡಿಸಿದಾಗ, "ನಮ್ಮಜ್ಜಿ ತಾನೇ ಸೇರಿಸ್ಕೊಂಡಿರ್ಬೇಕು. ಓದಿದೋರು ಇಲ್ಲ ಅಂತಾರಲ್ಲ," ಎಂದಳು. ಅಂಜೂರದ ಮರ ಹೋಯಿತು, ದೋಣಿಯ ದಿಂಬು ಹೋಯಿತು. ಒಂದು ಸುಳ್ಳಾದ ಮೇಲೆ ಉಳಿದವೂ ಸುಳ್ಳೇ ಇರಬಹುದೆಂದು ಅವಳಿಗೆ ಅನ್ನಿಸಿರಬೇಕು. ಅಡುಗೆಮನೆಯಲ್ಲಿ ಸ್ಟವ್ವಿನ ಸದ್ದು ಮಾತ್ರ ಉಳಿಯಿತು.

ಲಿಲ್ಲಿ ಬೆಂಕಿಗೂ ಬೀಳಲಿಲ್ಲ, ನೀರಿಗೂ ಬೀಳಲಿಲ್ಲ. ಮತ್ತಿಕೆರೆಯಲ್ಲಿ ಆಗ ನಲ್ಲಿ ನೀರು ಬರುತ್ತಿದ್ದದ್ದು ಬೆಳಗಿನ ಜಾವ. ಒಂದು ದಿನ ಅವಳ ಪಕ್ಕ ಮಲಗಿದ್ದ ಅಮ್ಮ ಎದ್ದು, ಹೊದಿಕೆ ಸರಿಮಾಡಿ, ಕೊಡ ತೆಗೆದುಕೊಂಡು ನಲ್ಲಿಗೆ ಹೋದಳು. ಬೆಳಕು ಹರಿದ ಮೇಲೆ ಕಾಫಿಗೆ ಎಬ್ಬಿಸಲು ಬಂದರೆ ಲಿಲ್ಲಿ ದಿಂಬಿಗೆ ಮುಖವಿಟ್ಟು ಮಲಗಿದ್ದಳು, ಏಳಲಿಲ್ಲ. ನಿದ್ದೆಯಲ್ಲೇ ಬಂದು ಹೋಗಿದೆ, ಕೆಲವು ಮಕ್ಕಳಿಗೆ ಹೀಗಾಗುವುದುಂಟು ಎಂದರು ಡಾಕ್ಟರು. ಮುನಿಯಮ್ಮ ತಂದು ಅಂಗೈಗೆ ಇಟ್ಟ ಬೀಗದಕೈ ಜಾರಿ ಚಾಪೆಯ ಮೇಲೆ ಬಿತ್ತು. ನನಗೆ ಆ ದಿನದ್ದು ಬೇರೆ ಹೆಚ್ಚೇನೂ ನೆನಪಿಲ್ಲ, ಆ ಬೀಗದಕೈ ಬಿದ್ದ ಸದ್ದು ಮಾತ್ರ ಇದೆ. ಆಗ ಅವಳಿಗೆ ಏಳು ವರ್ಷ.

ಮಣ್ಣು ಮಾಡಿ ಬಂದ ಮೇಲೆ ಅಮ್ಮ ಸಂಜೆಯ ಪ್ರಾರ್ಥನೆಗೆ ಚಾಪೆಯ ಮೇಲೆ ಕೂರಲಿಲ್ಲ. ಜಗಳವಿಲ್ಲ, ಅಳುವಿಲ್ಲ, ಅಪ್ಪ ಬೈಬಲ್ಲು ತೆಗೆದ ಕೂಡಲೇ ಎದ್ದು ಒಳಗೆ ಹೋಗುತ್ತಿದ್ದಳು. ಅಪ್ಪ ಯೋಹಾನನನ್ನೇ ಓದುತ್ತಿದ್ದ, ಕೇಳಲು ನಾನೊಬ್ಬಳು. ಎಲ್ಲ ಗೊತ್ತಿದ್ದವನಿಗೆ ಆ ಬೆಳಗಿನ ಜಾವವೂ ಗೊತ್ತಿತ್ತಲ್ಲ, ಮತ್ತೆ ಅಮ್ಮನನ್ನು ನಲ್ಲಿಯಿಂದ ಯಾಕೆ ವಾಪಸು ಕಳಿಸಲಿಲ್ಲ ಎಂದು ಒಂದು ಸಂಜೆ ಕೇಳಿದೆ. ಅಪ್ಪ, ನಾಳೆ ಪರೀಕ್ಷೆ ಇದೆಯಲ್ಲ ಓದಿಕೋ ಹೋಗು ಎಂದ. ಸಭೆಯ ಹೆಂಗಸರು ಬಂದು, ದೇವರ ಚಿತ್ತ ಎಂದು ಸಮಾಧಾನ ಹೇಳಿ ಹೋಗುತ್ತಿದ್ದರು. ಅವರು ಹೋದ ಮೇಲೆ ಅಮ್ಮ ಅವರ ಕಾಫಿ ಲೋಟಗಳನ್ನು ತೊಳೆದಿಡುತ್ತಿದ್ದಳು. ಊಟವಿಲ್ಲದೆ ಅವಳ ಬಳೆಗಳು ಮೊಣಕೈವರೆಗೆ ಜಾರುವಂತಾದವು. ಒಂದು ಭಾನುವಾರ ಅಪ್ಪನಿಗೆ ಬಡಿಸುತ್ತಿದ್ದವಳು ಸೌಟು ಹಿಡಿದು ಹಾಗೆಯೇ ನಿಂತಳು.

"ರೀ, ನಿಜ ಹೇಳಿ. ಒಂದು ಕಾಳಿನಷ್ಟೂ ಇರ್ಲಿಲ್ವಾ ನನ್ನತ್ರ? ಅದಕ್ಕೇ ಮಗು ಹೋಯ್ತಾ?"

ಅಪ್ಪ ಮುದ್ದೆ ಮುರಿದಿದ್ದ, ತಿನ್ನಲಿಲ್ಲ. ಕೈ ತೊಳೆದುಕೊಂಡು ಹೊರಗೆ ಹೋದವನು ಕೊಟ್ಟಿಗೆಯ ಹತ್ತಿರ ಬಿಸಿಲಲ್ಲಿ ನಿಂತೇ ಇದ್ದ.

ನಾನು ದೊಡ್ಡವಳಾದ ಮೇಲೆ ನಾಲ್ಕೂ ಸುವಾರ್ತೆಗಳನ್ನು ಊಟದ ಮೇಜಿನ ಮೇಲೆ ಪಕ್ಕಪಕ್ಕ ತೆರೆದಿಟ್ಟುಕೊಂಡು ಓದಿದ್ದೇನೆ. ಪಂಡಿತಳಲ್ಲ, ಬೇಕಿದ್ದದ್ದು ಒಂದೇ ಮಾತು. ಎಲ್ಲಕ್ಕಿಂತ ಮೊದಲು ಬರೆದದ್ದು ಮಾರ್ಕನ ಆ ಚಿಕ್ಕ ಸುವಾರ್ತೆಯೇ ಎಂದು ತಿಳಿದವರು ಹೇಳುತ್ತಾರೆ. ಆಮೇಲೆ ಬರೆದ ಇಬ್ಬರು ಅದೇ ಹುಡುಗನ ಕಥೆಯನ್ನು ಹೇಳಿದ್ದಾರೆ, ಇಬ್ಬರಲ್ಲೂ ಮಾರ್ಕನ ಆ ಪ್ರಶ್ನೆ ಇಲ್ಲ. ಯೋಹಾನನಲ್ಲಿ ಹುಡುಗನೇ ಇಲ್ಲ. ಯಾಕೆ ಬಿಟ್ಟರೋ ನನಗೆ ಗೊತ್ತಿಲ್ಲ, ಕಥೆ ಉದ್ದವಾಯಿತೆಂದು ಬಿಟ್ಟಿರಲೂಬಹುದು. ಆದರೆ ನನಗೆ ಅನ್ನಿಸುವುದು, ದೇವರು ಒಬ್ಬ ಬಡಪಾಯಿಯನ್ನು ಏನೂ ಗೊತ್ತಿಲ್ಲದವನಂತೆ ಕೇಳುವುದು ಅವರಿಗೆ ಮುಜುಗರವಾಗಿರಬೇಕು. ನಮ್ಮಪ್ಪನಿಗೂ ಅದೇ ಮುಜುಗರ. ದೇವರ ಮಾನ ಉಳಿಸಲು ಹೋದವರು ಎಲ್ಲರೂ. ಹಾಗೆ ನೋಡಿದರೆ, ಗೆಳೆಯನ ಸಮಾಧಿಯ ಹತ್ತಿರ ಯೇಸು ಅತ್ತದ್ದು ಅಪ್ಪನ ಯೋಹಾನನಲ್ಲೇ ಇದೆ. ಅವನನ್ನು ಎಲ್ಲಿಟ್ಟಿದ್ದೀರಿ ಎಂದು ಅಲ್ಲಿಯೂ ಕೇಳುತ್ತಾನೆ. ಅಪ್ಪ ಆ ಜಾಗವನ್ನು ಬೇಗಬೇಗ ಓದಿ ಮುಂದೆ ಹೋಗುತ್ತಿದ್ದ.

ವರ್ಷ ತುಂಬಿದ ದಿನ ಲಿಲ್ಲಿಯ ನೆನಪಿನ ಪ್ರಾರ್ಥನೆ ಇಟ್ಟುಕೊಂಡರು. ನಡುಮನೆಯ ತುಂಬ ಜನ, ಪಕ್ಕದ ಮನೆಗಳಿಂದ ತಂದ ಚಾಪೆಗಳು. ಮುನಿಯಮ್ಮ ಚಪ್ಪಲಿಗಳ ಪಕ್ಕ ಬಾಗಿಲಲ್ಲೇ ಕೂತಳು, ಒಳಗೆ ಬಾ ಎಂದರೂ ಬರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಆ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ಕೀರ್ತನೆ ಮುಗಿಯಿತು. ಆನಂದಪ್ಪ ಮೇಷ್ಟ್ರು ಕನ್ನಡಕ ಹಾಕಿಕೊಂಡು ಪುಸ್ತಕಕ್ಕೆ ಕೈಚಾಚಿದರು. ಅಪ್ಪ ಕೊಡಲಿಲ್ಲ.

"ಇವತ್ತು ನಾನು ಓದ್ತೀನಿ ಮೇಷ್ಟ್ರೇ. ಅವತ್ತು ನಮ್ಮನೆಯವಳು ಒಂದು ಮಾತು ಬಿಟ್ಟೋಯ್ತು ಅಂದಿದ್ಳಲ್ಲ, ಆ ಮಾತು ಇದೆ. ಮಾರ್ಕನಲ್ಲಿದೆ. ನಂಗೆ ಅವತ್ತೂ ಗೊತ್ತಿತ್ತು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಪ್ಪ ಓದತೊಡಗಿದ. ಜನರ ಗುಂಪು, ಹುಡುಗನ ಅಪ್ಪ, ಕೈಲಾಗದೆ ನಿಂತ ಶಿಷ್ಯರು, ನೆಲಕ್ಕೆ ಬಿದ್ದು ಒದ್ದಾಡುವ ಹುಡುಗ. ಯೋಹಾನನನ್ನು ಓದುವಾಗಿನ ನಿರಾಳ ದನಿಯಲ್ಲಿ ಇರಲಿಲ್ಲ, ಅಮ್ಮನ ಹಾಗೆ ತಡವರಿಸಿ ಓದುತ್ತಿದ್ದ. ಮಗುವಿಗೆ ಯಾವಾಗಿನಿಂದ ಹೀಗೆ ಎಂದು ಕೇಳುವ ಜಾಗ ಬಂತು. ಅದನ್ನು ಓದಿದ. ಮುಂದಿನದು ಹುಡುಗನ ಅಪ್ಪನ ಉತ್ತರ. ಅದು ಅವನ ಬಾಯಿಂದ ಹೊರಡಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಬೆರಳು ಅದೇ ಸಾಲಿನ ಮೇಲಿತ್ತು. ಯಾರೋ ಕೆಮ್ಮಿದರು.

ಪರದೆ ಸರಿಯಿತು. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊಸ್ತಿಲ ಮೇಲೆ ನಿಂತಳು. ಅಪ್ಪನನ್ನೂ ನೋಡಲಿಲ್ಲ, ಮೇಷ್ಟ್ರನ್ನೂ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಅಪ್ಪನ ಕೈಯಲ್ಲಿದ್ದ ಪುಸ್ತಕವನ್ನು.

"ಮೂರು ತುಂಬಿತ್ತು," ಎಂದಳು. "ಮುನಿಯಮ್ಮ ಹಾಲು ಕರೀತಿದ್ರು. ಮೊದ್ಲು ಎಡಗೈ ಬೆರಳು ನಡುಗ್ತು. ನಾನು ಚಳಿ ಅನ್ಕೊಂಡೆ, ಬೆಳಗ್ಗೆ ಹೊತ್ತಲ್ವಾ, ಸ್ವೆಟರ್ ತರೋಣ ಅಂತ ಒಳಗೆ ಬಂದೆ. ವಾಪಸ್ ಹೋಗೋಷ್ಟ್ರಲ್ಲಿ ಬಿದ್ದಿದ್ಲು. ಆಮೇಲೆ ಬರ್ತಾನೇ ಇತ್ತು. ಬರೋಕೆ ಮುಂಚೆ ಒಂಥರಾ ನಗೋಳು, ನಂಗೆ ಅದು ಗೊತ್ತಾಗೋದು. ಬೆಂಕಿ ಹತ್ರ ಬಿಡ್ಲಿಲ್ಲ. ನೀರಿನ ಹತ್ರ ಬಿಡ್ಲಿಲ್ಲ..."

ಬಾಗಿಲಲ್ಲಿ ಮುನಿಯಮ್ಮ, "ಊಂ, ಯೋಳವ್ವಾ," ಎಂದಳು.

"ಸಾಸಿವೆ ನುಂಗ್ತಿದ್ಲು. ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ. ಅವತ್ತು ನೀರು ಬಂತು ಅಂತ ಎದ್ದೆ. ಹೊದಿಕೆ ಎಳೆದು ಕಾಲು ಮುಚ್ಚಿದೆ. ಕಾಲು ಬೆಚ್ಚಗಿತ್ತು..."

ಅಷ್ಟು ದಿನ ಅಳದಿದ್ದವಳು ಹೊಸ್ತಿಲ ಮೇಲೆ ಕುಸಿದು ಕೂತು, ಅಳುತ್ತಲೇ ಹೇಳುತ್ತಿದ್ದಳು. ನೆರೆದವರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮೇಷ್ಟ್ರು ಮೆಲ್ಲಗೆ ಕೈಜೋಡಿಸಿ, ಮುಗಿಸೋಣ ಎಂಬಂತೆ ಎಲ್ಲರ ಕಡೆ ನೋಡಿ, ಕಣ್ಣು ಮುಚ್ಚಿ, ಪ್ರಾರ್ಥಿಸೋಣ ಎಂದರು.

ಅಪ್ಪ ತೆರೆದ ಪುಸ್ತಕವನ್ನು ಎದೆಗೆ ಹಿಡಿದುಕೊಂಡು ಅಮ್ಮನ ಎದುರಿಗೆ ನೆಲದ ಮೇಲೆ ಕೂತ.

"ಇರಿ ಮೇಷ್ಟ್ರೇ," ಎಂದ. "ಅವಳು ಇನ್ನೂ ಹೇಳ್ತಿದಾಳೆ."